ಅನಮೋಡ ಘಾಟಿನಲ್ಲಿ ಗಾಡಿ ನಿಂತರೆ, ಸಹಾಯಕ್ಕೆ ಬಂದವನ ಕನ್ನಡ ಕೇಳಿ ನಂಬಬೇಡಿ

ಗೋವಾದ ವಾಸ್ಕೋ, ಪೋಂಡಾ, ಮಡಗಾಂವ್ ಕಡೆ ಇರುವ ನಮ್ಮ ಜನ ಇದನ್ನು ದಯವಿಟ್ಟು ಪೂರ್ತಿ ಓದಿ. ಧಾರವಾಡ ಕಡೆಯವರಿಗೆ ಊರಿಗೆ ಹೋಗಿ ಬರಲು ಇದೇ ದಾರಿ ಅಲ್ವಾ? ಅಳ್ನಾವರ, ರಾಮನಗರ, ಅನಮೋಡ, ಮೊಲೆಮ್. ಈ ದಾರಿಯಲ್ಲಿ ನನ್ನ 19,300 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ಮಾತಿಗೆ. ನಮ್ಮ ಮಾತೇ ಆಡಿ ಮೋಸ ಮಾಡಿದರು.

ಎಳ್ಳಮವಾಸ್ಯೆಗೆ ಊರಿಗೆ ಹೋಗಿದ್ದೆವು. ಹೊಲದಲ್ಲಿ ಚರಗ ಚೆಲ್ಲಿ, ಮರುದಿನ ಮಧ್ಯಾಹ್ನ ಹೊರಟೆವು. ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಕೊಂಡು ತಡವಾಯಿತು. ರಾಮನಗರ ದಾಟಿದ ಮೇಲೆ ಬರೀ ಕಾಡು. ಅನಮೋಡ ಬಿಟ್ಟು ಘಾಟ್ ಇಳಿಯುವಾಗ ಟೆಂಪರೇಚರ್ ಮುಳ್ಳು ಒಮ್ಮೆಲೆ ಮೇಲೇರಿತು. ತಕ್ಷಣ ಸೈಡಿಗೆ ಹಾಕಿ ಬಂದ್ ಮಾಡಿದೆ. ಗಾಡಿ ಕೆಳಗೆ ಇಂಜಿನ್ ತಂಪು ಮಾಡುವ ಹಸಿರು ನೀರು ಸೋರುತ್ತಿತ್ತು. ಹೊತ್ತು ಮುಳುಗಿತ್ತು. ಭಗವಾನ್ ಮಹಾವೀರ ಅಭಯಾರಣ್ಯದ ನಡುವೆ ಹೋಗುವ ರಸ್ತೆ ಅದು. ಮನೆ ಇಲ್ಲ, ದೀಪ ಇಲ್ಲ. ಫೋನಿಗೆ ನೆಟ್‌ವರ್ಕ್ ಬರುತ್ತಿತ್ತು, ಹೋಗುತ್ತಿತ್ತು. ಗಾಡಿಯಲ್ಲಿ ಅವ್ವ, ಹೆಂಡತಿ, ನಾಲ್ಕು ವರ್ಷದ ಮಗಳು.

ಆಗ ಒಬ್ಬ ಬೈಕ್ ನಿಲ್ಲಿಸಿದ. ನಾವು ಮಾತಾಡುವುದು ಕೇಳಿಸಿಕೊಂಡು, "ಧಾರವಾಡದ ಕಡೆಯವ್ರೇನ್ರಿ? ನಾನೂ ನಿಮ್ಮ ಕಡೆಯವನ ರೀ" ಅಂದ. ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ. ಅವ್ವ ಅವನಿಗೆ ಶೇಂಗಾ ಹೋಳಿಗೆ ಕೊಟ್ಟಳು. ಅದನ್ನು ತಿನ್ನುತ್ತಲೇ ಟಾರ್ಚ್ ಹಾಕಿ ಬಾನೆಟ್ ಒಳಗೆ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗೇತಿ. ಚಾಲೂ ಮಾಡಿದ್ರ ಇಂಜಿನ್ನೇ ಹೋಗ್ತದ" ಅಂದ. ಹೆಡ್ ಅಂದರೆ ಇಂಜಿನ್‌ನ ಮೇಲಿನ ಭಾಗ, ಅದರ ಕೆಳಗೆ ಕೂರುವ ತೆಳ್ಳಗಿನ ಸೀಲ್ ಈ ಗ್ಯಾಸ್ಕೆಟ್. ಆಯಿಲ್ ನೋಡಲಿಲ್ಲ, ಏನೂ ನೋಡಲಿಲ್ಲ. ನಾನೂ ಕೇಳಲಿಲ್ಲ.

ಅವನೇ ಫೋನ್ ಹಚ್ಚಿ ಟೋಯಿಂಗ್ ಗಾಡಿ ಕರೆಸಿದ. 2,500 ಅಂತ ಮಾತಾಗಿತ್ತು. ಘಾಟ್ ಇಳಿದ ಮೇಲೆ 4,500 ಕೇಳಿದರು. ರಾತ್ರಿ ಚಾರ್ಜು, ಘಾಟ್ ಚಾರ್ಜು ಅಂತೆ. ಮಗಳು ಅಳುತ್ತಿದ್ದಳು, ಕೊಟ್ಟೆ. ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು, ಬಸ್ಸಿಗೆ ಕೈ ಮಾಡಿ ಮನೆ ಸೇರಿದೆವು.

ಮೂರನೇ ದಿನ ಗಾಡಿ ತರಲು ಹೋದೆ. 14,800. ಚೀಟಿಯ ಮೇಲೆ ಬರೀ ಮೊತ್ತ. ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಆ ಬೈಕಿನವನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ನನ್ನನ್ನು ನೋಡಿ ನಕ್ಕ. ಆಗಲೂ ನನಗೆ ಹೊಳೆಯಲಿಲ್ಲ! ಹಳೇ ಪಾರ್ಟ್ ತೋರಿಸಿ ಅಂದೆ. ಹುಡುಗ ಕಪ್ಪಾದ ಒಂದು ಗ್ಯಾಸ್ಕೆಟ್ ತಂದು ಕೈಗಿಟ್ಟ. ಅದರ ಫೋಟೋ ತೆಗೆದುಕೊಂಡೆ, ದುಡ್ಡು ಕಳಿಸಿದೆ, ಬಂದೆ.

ಆಮೇಲೆ ವಾಸ್ಕೋದ ನನ್ನ ಹಳೇ ಮೆಕ್ಯಾನಿಕ್‌ಗೆ ಸುಮ್ನೆ ಒಮ್ಮೆ ನೋಡು ಅಂತ ಕೊಟ್ಟೆ. ಅವನು ಬಾನೆಟ್ ಎತ್ತಿ, "ಸರ್, ಈ ಹೆಡ್ ಯಾರೂ ಬಿಚ್ಚಿಲ್ಲ" ಅಂದ. ಬೋಲ್ಟುಗಳ ಮೇಲೆ ವರ್ಷಗಟ್ಟಲೆಯ ಧೂಳು, ಎಣ್ಣೆ ಹಾಗೇ ಗಟ್ಟಿಯಾಗಿ ಕೂತಿತ್ತು. ಒಂದು ಸ್ಪ್ಯಾನರ್ ಗುರುತಿಲ್ಲ. ಹೊಸದಾಗಿದ್ದದ್ದು ರೇಡಿಯೇಟರ್‌ನ ಒಂದು ರಬ್ಬರ್ ಪೈಪ್, ಎರಡು ಕ್ಲಿಪ್. ಅಷ್ಟೇ. ನಾನು ನಂಬಲಿಲ್ಲ. ಇಲ್ಲ, ಫೋಟೋ ಇದೆ ಅಂತ ತೋರಿಸಿದೆ. ಅವನು ಅದನ್ನು ದೊಡ್ಡದು ಮಾಡಿ ಬೆರಳಿಟ್ಟು ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ನನ್ನದು 800 ಸಿಸಿ ಆಲ್ಟೊ. ಅದಕ್ಕೆ ಇರುವುದು ಮೂರು ಸಿಲಿಂಡರ್. ಗ್ಯಾಸ್ಕೆಟ್‌ನಲ್ಲೂ ಮೂರೇ ದೊಡ್ಡ ತೂತು ಇರಬೇಕು. ನನಗೆ ತೋರಿಸಿದ್ದು ಬೇರೆ ಯಾವುದೋ ಗಾಡಿಯದು! ಎಂಟು ವರ್ಷದಿಂದ ಓಡಿಸುವ ಗಾಡಿ ನನ್ನದು. ನಾನೇ ಕೈಯಲ್ಲಿ ಹಿಡಿದು ಫೋಟೋ ತೆಗೆದಿದ್ದೇನೆ. ಅಲ್ಲಿ ನಿಂತಿದ್ದ ಹುಡುಗರ ಮುಂದೆ ತಲೆ ಎತ್ತಲಾಗಲಿಲ್ಲ.

ಅಲ್ಲಿಂದಲೇ ಗ್ಯಾರೇಜಿನವನಿಗೆ ಫೋನ್ ಮಾಡಿದೆ. ಮೊದಲು, "ಹುಡುಗ ತಪ್ಪಿ ಬೇರೇದು ತೋರಿಸ್ಯಾನ ರೀ" ಅಂದ. ಹೆಡ್ ಬಿಚ್ಚೇ ಇಲ್ಲವಲ್ಲ ಅಂದೆ. "ಗಾಡಿ ಓಡಾಕತ್ತೇತಿಲ್ಲೋ? ಮತ್ತೇನ್ ಬೇಕ್ರಿ ನಿಮಗ?" ಅಂದ. ದುಡ್ಡು ವಾಪಸ್ ಕೇಳಿದೆ. "ಬಿಲ್ ಐತೇನ್ರಿ?" ಅಂದ. ಬಿಲ್ ಕೊಡದವನೇ ಬಿಲ್ ಕೇಳುತ್ತಾನೆ! ಕೊನೆಗೆ ಅವನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಕತ್ತಲದಾಗ ಕೂಸು ಕಟಗೊಂಡು ಅಡವ್ಯಾಗ ನಿಂತಿದ್ರಿ. ನಾವು ಬರದಿದ್ರ ಏನ್ ಮಾಡ್ತಿದ್ರಿ?" ಆಮೇಲೆ ಫೋನ್ ಎತ್ತಲೇ ಇಲ್ಲ.

ಏನು ಮಾಡುತ್ತಿದ್ದೆ ಅಂತ ಈಗ ಹೇಳುತ್ತೇನೆ. ಇದು ರಾಷ್ಟ್ರೀಯ ಹೆದ್ದಾರಿ 748. ಹೆದ್ದಾರಿಯಲ್ಲಿ ತೊಂದರೆಯಾದರೆ ಮಾಡಬೇಕಾದ ನಂಬರ್ 1033, ಹಗಲು ರಾತ್ರಿ ಇರುತ್ತದೆ. ಭಯವಾದರೆ 112. ನೆಟ್‌ವರ್ಕ್ ಇಲ್ಲದಿದ್ದರೆ ಬಸ್ಸಿಗೆ ಕೈ ಮಾಡಿ, ಕಂಡಕ್ಟರ್‌ಗೆ ಹೇಳಿ ಕಳಿಸಿ. ನನ್ನ ಇನ್ಶೂರೆನ್ಸ್‌ನಲ್ಲಿ ಟೋಯಿಂಗ್ ಇತ್ತು, ಅದಕ್ಕೆಂದೇ ಜಾಸ್ತಿ ದುಡ್ಡು ಕಟ್ಟಿದ್ದೆ. ಆ ಹೊತ್ತಿಗೆ ನೆನಪೇ ಆಗಲಿಲ್ಲ. ನೀವು ಇವತ್ತೇ ನಿಮ್ಮ ಪಾಲಿಸಿ ತೆಗೆದು ನೋಡಿ, ನಂಬರ್ ಬರೆದಿಟ್ಟುಕೊಳ್ಳಿ.

ಗ್ಯಾಸ್ಕೆಟ್ ಹೋಗಿದೆ ಅಂದರೆ ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ನೋಡುವ ಕಡ್ಡಿ) ಎಳೆದು ತೋರಿಸು ಅನ್ನಿ. ನೀರು ಸೇರಿದ್ದರೆ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಾಣುತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಲೇ ಇರುತ್ತದೆ. ಕೆಲವು ಸಲ ಇವೆರಡೂ ಇಲ್ಲದೆಯೂ ಹೋಗಿರಬಹುದು, ಆದರೆ ಏನೂ ನೋಡದೆ ಹೇಳುವವನನ್ನು ನಂಬಬೇಡಿ ಅಂತ ನನ್ನ ಮೆಕ್ಯಾನಿಕ್ ಹೇಳಿದ. ಹೆಡ್ ಬಿಚ್ಚುವಾಗ ಎದುರಿಗೆ ನಿಲ್ಲಿ, ಇಲ್ಲವಾದರೆ ಬಿಚ್ಚಲು ಬಿಡಬೇಡಿ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ.

ಅವ್ವನಿಗೆ ಇನ್ನೂ ಹೇಳಿಲ್ಲ. ಆ ಹುಡುಗ ಪುಣ್ಯಾತ್ಮ, ಮುಂದಿನ ಸಲ ಹೋಗುವಾಗ ಅವನಿಗೊಂದು ಡಬ್ಬಿ ಹೋಳಿಗೆ ಒಯ್ಯೋಣ ಅಂತ ನಿನ್ನೆ ಕೂಡ ಅನ್ನುತ್ತಿದ್ದಳು.