ಮೊದಲ ಮೇ ತಿಂಗಳ ಹೂವನ್ನು ನೋಡಿ ಬಾಕಿ ಹಣ ಕೊಡಬೇಡಿ

ಕಳೆದ ಶನಿವಾರ ನಮ್ಮ ಮನೆಯಿಂದ ಎರಡು ಬೀದಿ ಆಚೆ, ನಮಗೆ ಗಿಡ ನೆಟ್ಟುಕೊಟ್ಟು ಮೋಸ ಮಾಡಿದವರ ಅದೇ ವ್ಯಾನ್ ನಿಂತಿರುವುದನ್ನು ಕಂಡೆ. ಹಿಂಬದಿಯ ಬಾಗಿಲು ತೆರೆದಿತ್ತು. ಒಳಗೆ ದಪ್ಪ ದಪ್ಪ ಮೊಗ್ಗು ಹೊತ್ತ ರೋಡೋಡೆಂಡ್ರಾನ್ ಎಂಬ ಹೂಗಿಡಗಳು ಕುಂಡಗಳಲ್ಲಿ ಸಾಲಾಗಿ ಕುಳಿತಿದ್ದವು. ಆ ಮನೆಯ ಬಾಗಿಲು ತಟ್ಟಿ ಎರಡು ಮಾತು ಹೇಳಬೇಕೆಂದು ಗೇಟಿನವರೆಗೆ ಹೋದವನು, ಪರಿಚಯವಿಲ್ಲದವರ ಮನೆ, ಏನೆಂದುಕೊಳ್ಳುತ್ತಾರೋ ಎಂಬ ಹಾಳು ಸಂಕೋಚದಿಂದ ಹಾಗೆಯೇ ಹಿಂದಿರುಗಿದೆ. ಅಂದಿನಿಂದ ನನ್ನ ಮೇಲೆ ನನಗೇ ಸಿಟ್ಟು. ಆ ಮನೆಯವರಿಗೆ ಹೇಳಲಾಗದ್ದನ್ನು ದಕ್ಷಿಣ ಇಂಗ್ಲೆಂಡಿನಲ್ಲಿ ಹೊಸದಾಗಿ ಮನೆ ಕೊಂಡು ತೋಟ ಮಾಡಲು ಹೊರಟಿರುವ ನಮ್ಮ ಕನ್ನಡದವರಿಗಾದರೂ ಹೇಳಿಬಿಡೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಮುಂದಿನದನ್ನು ಓದಲು ಪುರುಸೊತ್ತಿಲ್ಲದವರು ಇಷ್ಟನ್ನು ನೆನಪಿಟ್ಟುಕೊಳ್ಳಿ. ರೋಡೋಡೆಂಡ್ರಾನ್ ಗಿಡವು ಈ ಬೇಸಿಗೆಯಲ್ಲಿ ಕಟ್ಟಿದ ಮೊಗ್ಗನ್ನು ಬರುವ ವಸಂತದಲ್ಲಿ ಅರಳಿಸುತ್ತದೆ. ಅಕ್ಟೋಬರಿನಲ್ಲಿ ನೆಟ್ಟ ಗಿಡ ಮೇ ತಿಂಗಳಲ್ಲಿ ಹೂ ಬಿಟ್ಟರೆ ಅದು ನರ್ಸರಿಯವರ ಮಣ್ಣಿನಲ್ಲಿ ಹುಟ್ಟಿದ ಹೂವೇ ಹೊರತು ನಿಮ್ಮ ಮಣ್ಣಿನದ್ದಲ್ಲ. "ಹೂ ಬಿಟ್ಟ ಮೇಲೆ ಉಳಿದ ಹಣ ಕೊಡಿ" ಎಂದು ಯಾರಾದರೂ ಉದಾರವಾಗಿ ಹೇಳಿದರೆ ಆ ಉದಾರತೆಯ ಹಿಂದಿನ ಲೆಕ್ಕ ಅದು. ನಾನು ಆ ಲೆಕ್ಕಕ್ಕೆ ಬಿದ್ದೆ.

ನಮ್ಮ ಮನೆ ಹ್ಯಾಂಪ್‌ಶೈರ್‌ನ ವಿಂಚೆಸ್ಟರ್ ಬಳಿ ಇದೆ. 2023ರ ಮೇ ತಿಂಗಳಲ್ಲಿ ನಾನೂ ಹೆಂಡತಿಯೂ ಎಕ್ಸ್‌ಬರಿ ತೋಟಕ್ಕೆ ಹೋಗಿದ್ದೆವು. ಲಯನೆಲ್ ಡಿ ರಾಥ್‌ಚೈಲ್ಡ್ 1919ರಲ್ಲಿ ಕೊಂಡು ಬೆಳೆಸಿದ ಆ ಇನ್ನೂರು ಎಕರೆಯ ತೋಟವನ್ನು ಹೂವಿನ ಕಾಲದಲ್ಲಿ ನೋಡಿದವರಿಗೆ ನಮಗೇನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಿಡವೆಂದರೆ ಗಿಡವಲ್ಲ, ಮನೆಯಷ್ಟು ಎತ್ತರದ ಹೂರಾಶಿಗಳು. ಊಟಿಯ ದೊಡ್ಡಬೆಟ್ಟದಲ್ಲಿ ಚಿಕ್ಕಂದಿನಲ್ಲಿ ಕಂಡಿದ್ದ ಕೆಂಪು ಹೂವಿನ ಸೊಟ್ಟ ಮರ ಇದೇ ಕುಲದ್ದು ಎಂದು ಫಲಕ ಓದಿ ತಿಳಿದಾಗಲಂತೂ ಇದು ನಮ್ಮ ಹಿತ್ತಿಲಿನಲ್ಲಿ ಇರಲೇಬೇಕೆಂದು ತೀರ್ಮಾನವಾಗಿಬಿಟ್ಟಿತು.

ವಿಚಾರಿಸಿದ ಮೂರು ಕಡೆಗಳಲ್ಲಿ ಒಬ್ಬರು ಕರೆ ಸ್ವೀಕರಿಸಲಿಲ್ಲ, ಇನ್ನೊಬ್ಬರು ಅಂಚೆ ಸಂಖ್ಯೆ ಕೇಳಿದೊಡನೆ "ನಿಮ್ಮ ಕಡೆಗೆ ನಾವು ಈ ಗಿಡ ಹಾಕುವುದಿಲ್ಲ" ಎಂದರು. ಕಾರಣ ಕೇಳಬೇಕಿತ್ತು. ದೂರವಾಗುತ್ತದೆಂದು ಹೇಳುತ್ತಿದ್ದಾರೆಂದು ನಾನೇ ಅರ್ಥ ಮಾಡಿಕೊಂಡೆ. ಮೂರನೆಯವರು ಮರುದಿನವೇ ಮನೆಗೆ ಬಂದರು.

ಬಂದಾತ ಐವತ್ತರ ಆಸುಪಾಸಿನ, ಮಣ್ಣು ಮೆತ್ತಿದ ಬೂಟಿನ, ನಂಬಿಕೆ ಹುಟ್ಟಿಸುವ ಮನುಷ್ಯ. ಹುಲ್ಲಿನ ಅಂಚಿನಲ್ಲಿ ಗುದ್ದಲಿ ಊರಿ ಒಂದು ಹೆಂಟೆ ಎತ್ತಿ, ಕೈಯಲ್ಲಿ ಪುಡಿ ಮಾಡಿ, ಮೂಸಿ ನೋಡಿದ. ಆ ಹೆಂಟೆಯಲ್ಲಿ ಬಿಳಿಯ ಚೂರುಗಳಿದ್ದುದನ್ನು ನಾನೂ ನೋಡಿದೆ, ಅವನೂ ನೋಡಿದ. "ಈ ಗಿಡಕ್ಕೆ ಹುಳಿ ಮಣ್ಣು ಬೇಕೆಂದು ಎಲ್ಲಿಯೋ ಓದಿದ್ದೆ, ನಮ್ಮಲ್ಲಿ ಆಗುತ್ತದೆಯೇ?" ಎಂದು ಕೇಳಿದೆ, ಕೇಳಿದ್ದೇನೆಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಅವನು ನಗುತ್ತಾ ಕೊಟ್ಟ ಉತ್ತರ ಇದು: "ಎಕ್ಸ್‌ಬರಿ ಇರುವುದು ಹ್ಯಾಂಪ್‌ಶೈರ್‌ನಲ್ಲಿ. ನಿಮ್ಮ ಮನೆ ಇರುವುದೂ ಹ್ಯಾಂಪ್‌ಶೈರ್‌ನಲ್ಲಿ."

ಈ ವಾಕ್ಯವನ್ನು ಎಷ್ಟು ರಾತ್ರಿ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಕ್ಸ್‌ಬರಿ ಇರುವುದು ನ್ಯೂ ಫಾರೆಸ್ಟ್ ಅಂಚಿನ, ಬ್ಯೂಲಿ ನದಿಯ ಬದಿಯ ಆಮ್ಲೀಯ ಮಣ್ಣಿನಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪುವ ನಮ್ಮ ಊರು ಕುಳಿತಿರುವುದು ಚಾಕ್ ಎಂಬ ಸುಣ್ಣದ ಬಂಡೆಯ ಮೇಲೆ. ತೀರ್ಥಹಳ್ಳಿಯೂ ಶಿಕಾರಿಪುರವೂ ಶಿವಮೊಗ್ಗ ಜಿಲ್ಲೆಯಲ್ಲೇ ಇವೆ ಎಂದು ಯಾರಾದರೂ ಶಿಕಾರಿಪುರದ ಬಯಲಿನವರಿಗೆ ಏಲಕ್ಕಿ ಸಸಿ ಮಾರಿದ್ದರೆ ನಾನು ಆ ಮಾರಿದವನನ್ನು ಬೈಯುತ್ತಿದ್ದೆ, ಕೊಂಡವನನ್ನು ನೋಡಿ ನಗುತ್ತಿದ್ದೆ. ನನ್ನ ಸರದಿ ಬಂದಾಗ ತಲೆಯಾಡಿಸಿದೆ.

ನಾಚಿಕೆಯಾಗುವುದು ಇನ್ನೊಂದು ಕಾರಣಕ್ಕೆ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರ ಮಗ. ನಮ್ಮ ಮಲೆನಾಡಿನ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗುತ್ತದೆಂದು ಅಪ್ಪ ತೋಟಕ್ಕೆ ಸುಣ್ಣ ಹಾಕಿಸುತ್ತಿದ್ದುದನ್ನು ನೋಡುತ್ತಲೇ ಬೆಳೆದವನು. ಮಣ್ಣಿನ ರಸಸಾರ (pH; ಈ ಅಂಕಿ ಕಡಿಮೆಯಾದಷ್ಟೂ ಮಣ್ಣು ಹುಳಿ) ಎಂಬ ಮಾತು ನನಗೆ ಹೊಸದಲ್ಲ. ಇಲ್ಲಿ ಪ್ರತಿದಿನ ಬೆಳಿಗ್ಗೆ ಕಾಫಿಗೆ ನೀರು ಕಾಯಿಸುವ ಕೆಟಲಿನ ತಳದಲ್ಲಿ ಬಿಳಿ ಚಕ್ಕೆ ಕಟ್ಟುವುದನ್ನು ಕಾಣುತ್ತೇನೆ, ತಿಂಗಳಿಗೊಮ್ಮೆ ವಿನೆಗರ್ ಹಾಕಿ ತೆಗೆಯುತ್ತೇನೆ. ಆ ಚಕ್ಕೆ ಎಲ್ಲಿಂದ ಬಂತೆಂದು ಒಂದು ದಿನವೂ ಯೋಚಿಸಲಿಲ್ಲ. ನಾವು ಕನ್ನಡದಲ್ಲಿ ಚಾಕನ್ನು ಸೀಮೆಸುಣ್ಣ ಎನ್ನುತ್ತೇವೆ. ಆ ಸೀಮೆಗೇ ಬಂದು, ಆ ಸುಣ್ಣದ ಮೇಲೆಯೇ ಮನೆ ಕೊಂಡು, ಸುಣ್ಣವೆಂದರೆ ಆಗದ ಗಿಡವನ್ನು ಅದರೊಳಗೆ ನೆಡಿಸಿದೆ.

ಒಪ್ಪಂದ ಹೀಗಿತ್ತು: ಒಂಬತ್ತು ಗಿಡ, ಗುಂಡಿ, ಮಣ್ಣು, ಕೂಲಿ ಎಲ್ಲ ಸೇರಿ 1,620 ಪೌಂಡ್. ಅರ್ಧ ಮುಂಗಡ, ಅರ್ಧ ಹೂ ಬಿಟ್ಟ ಮೇಲೆ. ಬ್ಯಾಂಕಿನಿಂದ ನೇರವಾಗಿ ಕಳಿಸಿದರೆ 60 ಪೌಂಡ್ ಕಡಿಮೆ. "ನಮ್ಮದು ವಿಶೇಷ ಗುಂಡಿ ಪದ್ಧತಿ, ಗಿಡಕ್ಕೆ ನಿಮ್ಮ ಮಣ್ಣಿನ ಸಂಪರ್ಕವೇ ಬರುವುದಿಲ್ಲ" ಎಂದು ಇಮೇಲಿನಲ್ಲಿಯೂ ಬರೆದುಕೊಟ್ಟರು. ಅಕ್ಟೋಬರಿನಲ್ಲಿ ಇಬ್ಬರು ಹುಡುಗರು ಬಂದು ಅರ್ಧ ದಿನದಲ್ಲಿ ಒಂಬತ್ತು ಗುಂಡಿ ತೋಡಿ, ಚೀಲದ ಮಣ್ಣು ತುಂಬಿ, ಗಿಡ ಇಳಿಸಿ, ಬುಡಕ್ಕೆ ಕಪ್ಪಗಿನ ಗೊಬ್ಬರ ಹೊದಿಸಿ ಹೋದರು. ನಾನು ಅವರಿಗೆ ಚಹಾ ಮಾಡಿಕೊಟ್ಟೆ. ಅದೇ ಕೆಟಲಿನಲ್ಲಿ.

2024ರ ಮೇ ತಿಂಗಳಲ್ಲಿ ಒಂಬತ್ತೂ ಗಿಡ ಹೂ ಬಿಟ್ಟವು. ಹೂವಿನ ಚೆಂಡುಗಳ ಮುಂದೆ ಹೆಂಡತಿಯನ್ನು ನಿಲ್ಲಿಸಿ ಫೋಟೋ ತೆಗೆದು ಮಲ್ಲೇಶ್ವರದ ಅತ್ತೆ ಮಾವನವರಿಂದ ಹಿಡಿದು ಆಫೀಸಿನ ಗುಂಪಿನವರೆಗೆ ಎಲ್ಲರಿಗೂ ಕಳಿಸಿದೆ. ಅದೇ ಫೋಟೋ ಹಾಕಿ ಅವರಿಗೆ ಐದು ನಕ್ಷತ್ರ ಕೊಟ್ಟು, ಹ್ಯಾಂಪ್‌ಶೈರ್‌ನಲ್ಲಿ ಯಾರಾದರೂ ಕಣ್ಣು ಮುಚ್ಚಿ ಇವರಿಗೆ ಕೆಲಸ ಕೊಡಬಹುದೆಂದು ಬರೆದೆ. ಬಾಕಿ ಹಣವನ್ನು ಅಂದೇ ಸಂಜೆ ಕಳಿಸಿದೆ. ಬಿಲ್ಲು ಬಂದಿರಲಿಲ್ಲ, ನಾನೇ ಕೇಳಿ ತರಿಸಿಕೊಂಡು ಕಳಿಸಿದೆ.

ಜುಲೈ ಕೊನೆಯ ಹೊತ್ತಿಗೆ ಎಳೆಯ ಎಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರಾಗಿ, ನಡುವಿನ ಭಾಗವೆಲ್ಲ ನಿಂಬೆ ಬಣ್ಣಕ್ಕೆ ತಿರುಗಿತು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣ ಹೆಚ್ಚಿರುವ ಕಡೆ ಈ ಗಿಡದ ಬೇರಿಗೆ ಅದು ದಕ್ಕುವುದಿಲ್ಲ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಆಗ ತಿಳಿದಿದ್ದು ಇಮೇಲ್ ಬರೆಯುವುದೊಂದೇ. ಅವರ ಉತ್ತರಗಳನ್ನು ಬಂದ ಕ್ರಮದಲ್ಲಿಯೇ ಕೊಡುತ್ತೇನೆ, ಯಾಕೆಂದರೆ ಮೋಸ ಇರುವುದು ಆ ಕ್ರಮದಲ್ಲಿ.

ಮೊದಲನೆಯದು: "ಗಿಡಗಳು ಹೊಂದಿಕೊಳ್ಳುತ್ತಿವೆ. ಚೆನ್ನಾಗಿ ನೀರು ಕೊಡಿ." ಕೊಟ್ಟೆ. ನಲ್ಲಿಯ ನೀರು, ದಿನಾ ಸಂಜೆ, ಪೈಪು ಹಿಡಿದು. ಎಂದರೆ ದಿನಾ ಸಂಜೆ ಬುಡಕ್ಕೆ ಇನ್ನಷ್ಟು ಸುಣ್ಣ ಉಣಿಸಿದೆ.

ಎರಡನೆಯದು, ಸೆಪ್ಟೆಂಬರಿನಲ್ಲಿ, ನಾನು ಫೋಟೋ ಕಳಿಸಿದ ಮೇಲೆ: "ನೀವು ನೀರು ಹೆಚ್ಚಾಗಿ ಕೊಟ್ಟಂತೆ ಕಾಣುತ್ತದೆ."

ಮೂರನೆಯದು, 2025ರ ವಸಂತದಲ್ಲಿ, ಒಂಬತ್ತರಲ್ಲಿ ಎರಡು ಮಾತ್ರ ಬೆರಳೆಣಿಕೆಯ ಹೂ ಬಿಟ್ಟು ಮೂರು ಪೂರ್ತಿ ಒಣಗಿದಾಗ: "ಒಪ್ಪಂದದಂತೆ ಗಿಡಗಳು ಹೂ ಬಿಟ್ಟಿವೆ, ನೀವು ಅದನ್ನು ಒಪ್ಪಿ ಹಣ ಪಾವತಿಸಿದ್ದೀರಿ, ಸಾರ್ವಜನಿಕವಾಗಿ ಮೆಚ್ಚುಗೆಯನ್ನೂ ಬರೆದಿದ್ದೀರಿ." ಜೊತೆಗೆ ನನ್ನದೇ ಫೋಟೋ ಲಗತ್ತಿಸಿದ್ದರು. ಹೂವಿನ ಮುಂದೆ ನಗುತ್ತಿರುವ ನನ್ನ ಹೆಂಡತಿ. ಅದನ್ನು ಅವಳಿಗೆ ತೋರಿಸಲು ನನಗೆ ಎರಡು ದಿನ ಹಿಡಿಯಿತು.

ಆ ಜೂನಿನಲ್ಲಿ ಅಮ್ಮ ಊರಿನಿಂದ ಬಂದರು. ಬಂದ ಮರುದಿನ ಬೆಳಿಗ್ಗೆ ಹಿತ್ತಿಲಿನಲ್ಲಿ ಸುತ್ತಾಡಿ, ಬುಡದ ಬಳಿಯಿಂದ ಒಂದು ಬಿಳಿ ಕಲ್ಲು ಹೆಕ್ಕಿ ಉಗುರಿನಿಂದ ಗೀರಿ, "ಇದು ಸುಣ್ಣದ ಕಲ್ಲಲ್ವೇನೋ? ಇದನ್ನ ನಮ್ಮ ತೋಟಕ್ಕಾದ್ರೂ ಹಾಕಬಹುದಿತ್ತು" ಎಂದರು. ನಾನು ಅಡುಗೆಮನೆಯಿಂದ ವಿನೆಗರ್ ತಂದು ಒಣ ಮಣ್ಣಿನ ಮೇಲೆ ಸುರಿದೆ. ಸೋಡಾ ತೆರೆದ ಹಾಗೆ ನೊರೆಯೆದ್ದಿತು. ಎರಡು ವರ್ಷದ ಹಿಂದೆ, ಆ ಮನುಷ್ಯ ಹೆಂಟೆ ಪುಡಿ ಮಾಡುತ್ತಾ ನಿಂತಿದ್ದಾಗಲೇ ಮಾಡಬಹುದಾಗಿದ್ದ ಕೆಲಸ. ಕೆಲವೇ ಪೌಂಡಿಗೆ ಸಿಗುವ ಮಣ್ಣು ಪರೀಕ್ಷೆಯ ಕಿಟ್ ತಂದು ನೋಡಿದರೆ ಬಣ್ಣ ಕಡು ಹಸಿರಿಗೆ ತಿರುಗಿತು: ರಸಸಾರ 8ರ ಹತ್ತಿರ. ಈ ಗಿಡಕ್ಕೆ ಬೇಕಾದದ್ದು 5ರಿಂದ 6.

ಸತ್ತ ಮೂರನ್ನು ಅಗೆದಾಗ ಉಳಿದದ್ದೂ ಬಯಲಾಯಿತು. ಬೇರಿನ ಮುದ್ದೆ ಕುಂಡದಿಂದ ಬಂದ ಆಕಾರದಲ್ಲಿಯೇ ಇತ್ತು. ಒಂದು ಬೇರೂ ಹೊರಗೆ ಚಾಚಿರಲಿಲ್ಲ. ನೆಲದ ಮಟ್ಟಕ್ಕೆ ಮೇಲುಮೇಲೆ ಹರಡುವ ನಾರುಬೇರಿನ ಈ ಗಿಡವನ್ನು ಕುಂಡದಲ್ಲಿದ್ದ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಹೂತಿದ್ದರು. ವಿಶೇಷ ಗುಂಡಿಯೆಂದರೆ ಸುಣ್ಣದ ಬಂಡೆಯಲ್ಲಿ ಕೊರೆದ ಬೋಗುಣಿ, ಅಷ್ಟೇ. ಸುತ್ತಲಿನ ಸುಣ್ಣ ನೀರಿನೊಡನೆ ಒಳಕ್ಕೆ ಬರುವುದನ್ನು ತಡೆಯಲು ಏನೂ ಇರಲಿಲ್ಲ. ಬುಡಕ್ಕೆ ಹೊದಿಸಿದ ಕಪ್ಪು ಗೊಬ್ಬರ ಯಾವುದೆಂದು ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ ಖಾಲಿ ಚೀಲ ಹೇಳಿತು: ಅಣಬೆ ಬೆಳೆದು ಉಳಿದ ಗೊಬ್ಬರ. ಅಣಬೆ ಬೆಳೆಯುವವರು ಮೇಲ್ಪದರಕ್ಕೆ ಚಾಕ್ ಬೆರೆಸುವುದರಿಂದ ಅದರಲ್ಲಿಯೂ ಸುಣ್ಣ! ಕೆಳಗೆ ಸುಣ್ಣ, ಪಕ್ಕದಲ್ಲಿ ಸುಣ್ಣ, ನೀರಿನಲ್ಲಿ ಸುಣ್ಣ, ತಲೆಯ ಮೇಲೂ ಸುಣ್ಣ. ಗಿಡ ಒಂದೂವರೆ ವರ್ಷ ಬದುಕಿದ್ದೇ ದೊಡ್ಡದು.

ಇವೆಲ್ಲವನ್ನೂ ಫೋಟೋ ಸಮೇತ ಬರೆದು ಕಳಿಸಿದ್ದಕ್ಕೆ ಬಂದ ನಾಲ್ಕನೆಯ ಉತ್ತರವನ್ನು ಓದಿದಾಗ ನನ್ನ ಕೈ ನಡುಗಿತು. "ನಿಮ್ಮಂಥ ಮಣ್ಣಿಗೆ ಇಂಕಾರ್ಹೊ ಬೇರಿನ ಮೇಲೆ ಕಸಿ ಮಾಡಿದ ಗಿಡಗಳು ಹೆಚ್ಚು ಸೂಕ್ತ. ಹಳೆಯ ಗಿರಾಕಿಯಾದ್ದರಿಂದ ಶೇಕಡ 10 ರಿಯಾಯಿತಿ ಕೊಡುತ್ತೇವೆ." ಜರ್ಮನಿಯಲ್ಲಿ ಬೆಳೆಸಿದ, ಸುಣ್ಣವನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುವ ಬೇರು ಅದು. ಎಂದರೆ ಇವರಿಗೆ ಗೊತ್ತಿತ್ತು. ನಮ್ಮ ಮಣ್ಣು ಎಂಥದ್ದೆಂದು ಗೊತ್ತಿತ್ತು, ಅದಕ್ಕೆ ಬೇರೆ ಗಿಡ ಬೇಕೆಂದು ಗೊತ್ತಿತ್ತು, ಆ ಗಿಡ ಎಲ್ಲಿ ಸಿಗುತ್ತದೆಂದೂ ಗೊತ್ತಿತ್ತು. ಗೊತ್ತಿದ್ದೂ ಹೆಂಟೆ ಮೂಸಿ ನೋಡಿದ.

ಪಕ್ಕದ ಮನೆಯ ಹಿರಿಯ ಮಹಿಳೆಗೆ ಇದನ್ನು ಹೇಳಿಕೊಂಡಾಗ ಆಕೆ, "ಈ ಬೀದಿಯಲ್ಲಿ ಯಾರೂ ಅದನ್ನು ಬೆಳೆಯುವುದಿಲ್ಲವಲ್ಲ" ಎಂದರು. ನಲವತ್ತು ವರ್ಷದಿಂದ ಇಲ್ಲಿದ್ದಾರೆ. ಗುಂಡಿ ತೋಡುವಾಗ ಬೇಲಿಯ ಆಚೆಯಿಂದ ನೋಡಿ ಕೈಬೀಸಿದ್ದರು. ಇಂಗ್ಲಿಷರ ಸಭ್ಯತೆಗೆ ಏನು ಹೇಳುವುದು!

ಆದ್ದರಿಂದ ದಯವಿಟ್ಟು ಮೊದಲು ಬೀದಿಯಲ್ಲಿ ನಡೆದು ನೋಡಿ: ರೋಡೋಡೆಂಡ್ರಾನ್, ಕಮೇಲಿಯಾ, ಹೆದರ್‌ನಂಥ ಹುಳಿ ಮಣ್ಣಿನ ಗಿಡ ಒಂದೂ ಯಾರ ಅಂಗಳದಲ್ಲಿಯೂ ಇಲ್ಲವಾದರೆ ಅದಕ್ಕೆ ಕಾರಣವಿರುತ್ತದೆ. ಮಣ್ಣನ್ನು ನೀವೇ ಪರೀಕ್ಷಿಸಿ, ಮಾರುವವನ ಮೂಗನ್ನು ನಂಬಬೇಡಿ. ಸುಣ್ಣದ ನೆಲವಾದರೆ ಲೈಲ್ಯಾಕ್, ಪಿಯೋನಿ ಹಾಕಿಕೊಂಡು ಸುಖವಾಗಿರಿ. ರೋಡೋಡೆಂಡ್ರಾನ್ ಬೇಕೇ ಬೇಕೆಂದರೆ ಜಪಾನಿನ ಯಾಕುಶಿಮಾ ದ್ವೀಪದ ಮೂಲದ ಗಿಡ್ಡ ತಳಿಗಳನ್ನು ದೊಡ್ಡ ಕುಂಡದಲ್ಲಿ, ಎರಿಕೇಶಿಯಸ್ ಎಂದು ಬರೆದಿರುವ ಆಮ್ಲೀಯ ಮಣ್ಣಿನಲ್ಲಿ, ಮಳೆನೀರು ಹಿಡಿದಿಟ್ಟು ಬೆಳೆಸಿ. ಕೊನೆಗೆ ಬದುಕಿ ಉಳಿದ ಎರಡನ್ನು ನಾನು ಹಾಗೆಯೇ ಕುಂಡಕ್ಕೆ ಎತ್ತಿ, ಪೈನ್ ತೊಗಟೆ ಹೊದಿಸಿ ಇಟ್ಟಿದ್ದೇನೆ; ಹೊಸ ಎಲೆ ಹಸಿರಾಗಿಯೇ ಬಂದಿದೆ. ಮುಂಗಡವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ಕೊಂಡ ವಸ್ತುವಿನ ಅಥವಾ ಕೆಲಸದ ಪೂರ್ಣ ಬೆಲೆ 100 ಪೌಂಡಿಗಿಂತ ಹೆಚ್ಚಿದ್ದರೆ 1974ರ ಗ್ರಾಹಕ ಸಾಲ ಕಾಯಿದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡಿನ ಕಂಪನಿಯೂ ಹೊಣೆಯಾಗುತ್ತದೆ. 60 ಪೌಂಡ್ ಉಳಿಸಲು ಹೋಗಿ ನಾನು ಆ ದಾರಿಯನ್ನೂ ಮುಚ್ಚಿಕೊಂಡೆ. ಉಳಿದಿರುವುದು 2015ರ ಗ್ರಾಹಕ ಹಕ್ಕುಗಳ ಕಾಯಿದೆ. ಕೆಲಸದ ಬಗ್ಗೆ ವ್ಯಾಪಾರಿ ಹೇಳಿದ ಮಾತನ್ನು ನಂಬಿ ನಾವು ಒಪ್ಪಿಕೊಂಡಿದ್ದರೆ ಆ ಮಾತೂ ಒಪ್ಪಂದದ ಭಾಗವೆಂದು ಅದು ಹೇಳುತ್ತದೆ; "ನಿಮ್ಮ ಮಣ್ಣಿನ ಸಂಪರ್ಕವೇ ಬರುವುದಿಲ್ಲ" ಎಂಬ ಇಮೇಲ್ ಅದಕ್ಕಾಗಿ ನನ್ನ ಬಳಿ ಭದ್ರವಾಗಿದೆ.

ಕಳೆದ ತಿಂಗಳು ನನ್ನ ಐದು ನಕ್ಷತ್ರದ ಬರಹವನ್ನು ತಿದ್ದಿ ಒಂದಕ್ಕಿಳಿಸಿ, ಸತ್ತ ಗಿಡಗಳ ಫೋಟೋ ಹಾಕಿದೆ. ಎರಡು ವರ್ಷದಲ್ಲಿ ಯಾವ ಇಮೇಲಿಗೂ ವಾರದೊಳಗೆ ಉತ್ತರಿಸದಿದ್ದವರು ಒಂದೇ ಗಂಟೆಯಲ್ಲಿ ಉತ್ತರಿಸಿದರು: ಆ ಬರಹವನ್ನು ತೆಗೆದುಹಾಕಿದರೆ ಎರಡು ಹೊಸ ಗಿಡಗಳನ್ನು ಉಚಿತವಾಗಿ ತಂದು ನೆಟ್ಟುಕೊಡುತ್ತಾರಂತೆ, ಅದೇ ವಿಶೇಷ ಗುಂಡಿ ಪದ್ಧತಿಯಲ್ಲಿ. ನಾನು ಸಣ್ಣ ಮೊತ್ತದ ದಾವೆಯ ಅರ್ಜಿಯನ್ನು ಅರ್ಧ ತುಂಬಿಸಿದ್ದೇನೆ. ಆ ಎರಡು ಬೀದಿ ಆಚೆಯ ಮನೆಗೆ ನಾಳೆ ಬೆಳಿಗ್ಗೆ ವಿನೆಗರ್ ಬಾಟಲಿ ಹಿಡಿದುಕೊಂಡೇ ಹೋಗುತ್ತೇನೆ, ಏನಾದರೂ ಅಂದುಕೊಳ್ಳಲಿ.