ಅಲಗಿನ ಟ್ರಿಗರ್: ಏಳು ಹಂಗಾಮಿನ ಬಳಕೆಯ ನಂತರ

ಏಳು ಹಂಗಾಮಿನಿಂದ ಒಂದೇ ರೈಫಲ್ ಹೊರುತ್ತಿದ್ದೇನೆ. .308 ತೋಟೆಯ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ಹಾಕುವ ಬೋಲ್ಟ್ ಆ್ಯಕ್ಷನ್, ದುರ್ಬೀನು ಸೇರಿ ಸುಮಾರು ಮೂರೂವರೆ ಕಿಲೋ. ಈ ವಿಮರ್ಶೆ ಅದರ ಟ್ರಿಗರಿನದ್ದು ಮಾತ್ರ. ಎಳೆತದ ಭಾರವನ್ನು, ಅಂದರೆ ಟ್ರಿಗರ್ ಬಿಡಲು ಬೆರಳು ಹಾಕಬೇಕಾದ ಬಲವನ್ನು, ನಾವೇ ಹೊಂದಿಸಿಕೊಳ್ಳಬಹುದಾದ, ನಟ್ಟನಡುವೆ ತೆಳ್ಳಗಿನ ಅಲಗು ಇರುವ ಜಾತಿಯದು; ಆ ಅಲಗನ್ನು ಒತ್ತದೆ ಕೋವಿ ಈಡಾಗುವುದಿಲ್ಲ. 2002–03ರ ಹೊತ್ತಿಗೆ ಸ್ಯಾವೇಜ್ ಕಂಪನಿ ತನ್ನ ‘ಅಕ್ಯುಟ್ರಿಗರ್’ ತಂದ ಮೇಲೆ ಇಂಥವು ಶಿಕಾರಿ ರೈಫಲುಗಳಲ್ಲಿ ಮಾಮೂಲಾದವು. ನನ್ನದು ಅದೇ ಜಾಡಿನಲ್ಲಿ ಬೇರೆಯವರು ಮಾಡಿದ್ದು. ಜೊತೆಗೆ ಎಳೆತ ಅಳೆಯುವ ಡಿಜಿಟಲ್ ಮಾಪಕವೊಂದನ್ನೂ ಕೊಂಡಿದ್ದೆ. ಕೊಟ್ಟ ದುಡ್ಡು ಪೂರ್ತಿ ವಸೂಲಾದದ್ದು ಆ ಮಾಪಕದಲ್ಲಿ.

ಕಾರ್ಖಾನೆಯಿಂದ ಬಂದಾಗ ಎಳೆತ 2.4 ಕಿಲೋ ಇತ್ತು. ಟ್ರಿಗರಿನ ಮಾತು ಬಂದರೆ ಎಲ್ಲರೂ ಪೌಂಡಿನಲ್ಲೇ ಹೇಳುವುದು. ಒಂದು ಪೌಂಡ್ ಎಂದರೆ ಸುಮಾರು 454 ಗ್ರಾಂ, ಅಲ್ಲಿಗೆ ನನ್ನದು ಐದು ಪೌಂಡಿಗೂ ಮೇಲೆ. ಮೂರೂವರೆ ಕಿಲೋ ತೂಗುವ ಕೋವಿಯ ಮೇಲೆ ಒಂದೇ ಬೆರಳು 2.4 ಕಿಲೋ ಹೇರಿದರೆ ಅದು ಅಲುಗದೆ ಇರುತ್ತದೆಯೇ? ಗುರಿ ಸರಿಯಾಗಿ ಕೂತಿದ್ದರೂ ಕೊನೆಯ ಕ್ಷಣದಲ್ಲಿ ಗೆರೆ ಬಲಕ್ಕೆ ಜಾರುವುದು ದುರ್ಬೀನಿನಲ್ಲೇ ಕಾಣುತ್ತಿತ್ತು. ಇಳಿಸಬೇಕು ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಎಷ್ಟಕ್ಕೆ ಅನ್ನುವಲ್ಲೇ ನಾನು ಎಡವಿದ್ದು.

ಇಳಿಯುವಷ್ಟೂ ಇಳಿಸಿದೆ. 0.8 ಕಿಲೋ. ಮೇಜಿನ ಮೇಲೆ ಮರಳು ಚೀಲ ಇಟ್ಟು ಹೊಡೆದಾಗ ಗುಂಡುಗಳೆಲ್ಲ ಒತ್ತೊತ್ತಾಗಿ ಬಿದ್ದವು, ನನಗೂ ತಲೆ ತಿರುಗಿತು. ಎರಡು ತಿಂಗಳ ನಂತರ, ಕೊರೆಯುವ ಚಳಿಯ ಒಂದು ಬೆಳಿಗ್ಗೆ, ಅದೇ ಮೈದಾನದಲ್ಲಿ ಕೈಗವಸು ಹಾಕಿಕೊಂಡು ನಿಂತು ಅಭ್ಯಾಸ ಮಾಡುತ್ತಿದ್ದೆ. ಬೆರಳು ಟ್ರಿಗರಿಗೆ ತಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ಕೋವಿ ಈಡಾಯಿತು; ನಾನು ಹೊಡೆದದ್ದಲ್ಲ. ನಳಿಗೆ ಗುರಿಯ ಕಡೆಗೇ ಇತ್ತು, ಗುಂಡು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿ ಹೂತುಕೊಂಡಿತು. ಯಂತ್ರದ ತಪ್ಪು ಎಳ್ಳಷ್ಟೂ ಇಲ್ಲ. ಮರಗಟ್ಟಿದ ಬೆರಳಿಗೆ 0.8 ಕಿಲೋ ಅನ್ನುವುದು ಏನೂ ಅಲ್ಲ.

ಮನೆಗೆ ಬಂದು 1.35ಕ್ಕೆ, ಅಂದರೆ ಮೂರು ಪೌಂಡಿಗೆ ಏರಿಸಿದೆ. ಮೊನ್ನೆ ಮೊನ್ನೆಯವರೆಗೂ ಅಲ್ಲೇ ಇತ್ತು. ಆಮೇಲೆ ಕುತೂಹಲಕ್ಕೆ ಅದೇ ಮೇಜಿನ ಮೇಲೆ ಎರಡೂ ಹೊಂದಾಣಿಕೆಯಲ್ಲಿ ಐದೈದು ಗುಂಡಿನ ಹಲವು ಸುತ್ತು ಹೊಡೆದು ನೋಡಿದರೆ ನನ್ನ ಕೈಯಲ್ಲಿ ವ್ಯತ್ಯಾಸವೇ ಸಿಗಲಿಲ್ಲ. 2.4ರಿಂದ 1.35ಕ್ಕೆ ಇಳಿದದ್ದರಲ್ಲಿ ಲಾಭವಿತ್ತು, ಅಲ್ಲಿಂದ ಕೆಳಗೆ ಬರೀ ಅಪಾಯ. ಹೋಲಿಕೆಗೆ ಒಂದು ಅಂಕಿ: ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ ಸ್ಪರ್ಧೆಯಲ್ಲಿ ಎಳೆತ ಕನಿಷ್ಠ 1,500 ಗ್ರಾಂ ಇರಬೇಕು. ಅಷ್ಟು ದೂರ ಅಷ್ಟು ಕರಾರುವಾಕ್ಕಾಗಿ ಹೊಡೆಯುವವರಿಗೆ ಒಂದೂವರೆ ಕಿಲೋ ಸಾಕೆಂದರೆ, ಏದುಸಿರು ಬಿಡುತ್ತ ಗುಡ್ಡ ಹತ್ತಿ ಹಂದಿಗೆ ಗುರಿ ಹಿಡಿಯುವ ನನಗೆ ಅದಕ್ಕಿಂತ ತೀರ ಹಗುರ ಯಾಕೆ ಬೇಕು?

ಮಾಪಕ ಕಲಿಸಿದ ಇನ್ನೊಂದು ಸಂಗತಿ, ಬೆರಳು ಸುಳ್ಳು ಹೇಳುತ್ತದೆ. ಗೆಳೆಯನ ಹಳೆಯ ರೈಫಲಿನ ಟ್ರಿಗರ್ ನನ್ನದಕ್ಕಿಂತ ಹಗುರ ಎಂದು ಪ್ರತಿಜ್ಞೆ ಮಾಡಿ ಹೇಳುತ್ತಿದ್ದೆ. ಅಳೆದರೆ 1.8 ಕಿಲೋ! ಅದು ಗಾಜಿನ ಕಡ್ಡಿ ಮುರಿದಂತೆ ಚಟ್ಟನೆ ಬಿಡುತ್ತಿತ್ತು. ಬಿಡುವ ಮುಂಚೆ ತೆವಳುವುದಿಲ್ಲ, ಬಿಟ್ಟ ಮೇಲೆ ಹಿಂದಕ್ಕೆ ಜೋಲುವುದೂ ಇಲ್ಲ. ಕೊಳ್ಳುವ ಮುಂಚೆ ಭಾರಕ್ಕಿಂತ ಮೊದಲು ಈ ತೆವಳಿಕೆಯನ್ನು ನೋಡಿ. ಭಾರವನ್ನು ಆಮೇಲೆ ಸ್ಪ್ರಿಂಗಿನಿಂದ ಸರಿಮಾಡಬಹುದು, ತೆವಳಿಕೆ ತರುವ ಒಳಗಿನ ಒರಟು ಅಂಚನ್ನು ಸ್ಪ್ರಿಂಗ್ ಸರಿಮಾಡುವುದಿಲ್ಲ.

ಅಳೆಯುವಾಗ ಮಾಪಕದ ಕೊಕ್ಕೆ ಪ್ರತಿ ಸಲವೂ ಟ್ರಿಗರಿನ ಒಂದೇ ಜಾಗದಲ್ಲಿ ಕೂರಬೇಕು. ತುದಿಯ ಕಡೆ ಜಾರಿದರೆ ಸನ್ನೆಕೋಲು ಉದ್ದವಾಗಿ ಅಂಕಿ ಕಡಿಮೆ ಬರುತ್ತದೆ. ಅಲಗಿನ ಟ್ರಿಗರಾದರೆ ಕೊಕ್ಕೆ ಮೊದಲು ಅಲಗನ್ನು ಪೂರ್ತಿ ಒತ್ತಿರಬೇಕು. ನಾನು ಹತ್ತು ಸಲ ಎಳೆದು ಸರಾಸರಿ ಬರೆದಿಡುತ್ತೇನೆ, ಜೊತೆಗೆ ಅತಿ ಕಡಿಮೆ ಮತ್ತು ಅತಿ ಹೆಚ್ಚು. ನಾಲ್ಕನೆಯ ಹಂಗಾಮಿನಲ್ಲಿ ಸರಾಸರಿ ಅಷ್ಟೇ ಇದ್ದರೂ ಇವೆರಡರ ಅಂತರ 50 ಗ್ರಾಮಿನಿಂದ 250ಕ್ಕೆ ಹೋಗಿತ್ತು. ತುಕ್ಕು ಹಿಡಿಯದಿರಲಿ ಎಂದು ನಾನೇ ಧಾರಾಳವಾಗಿ ಬಿಟ್ಟಿದ್ದ ಎಣ್ಣೆ ಧೂಳಿನ ಜೊತೆ ಸೇರಿ ಒಳಗೆ ಅಂಟಾಗಿತ್ತು. ತೊಳೆದು ಒಣಗಿಸಿದೆ, ಮೊದಲಿನಂತಾಯಿತು. ಈಗ ಟ್ರಿಗರಿಗೆ ಎಣ್ಣೆ ಮುಟ್ಟಿಸುವುದಿಲ್ಲ. ಚಳಿಯಲ್ಲಂತೂ ಅದು ಅಂಟಿನಂತಾಗುತ್ತದೆ.

ಹೊಂದಿಸುವ ಕೆಲಸ ಹತ್ತು ನಿಮಿಷದ್ದು, ಪರೀಕ್ಷೆ ಅರ್ಧ ಗಂಟೆಯದ್ದು. ತೋಟೆಗಳೆಲ್ಲ ಬೇರೆ ಕೋಣೆಯಲ್ಲಿರಬೇಕು. ಮ್ಯಾಗಝಿನ್ ತೆಗೆದು, ಬೋಲ್ಟ್ ಹೊರಗೆಳೆದು, ಚೇಂಬರನ್ನು ಕಣ್ಣಿನಿಂದ ನೋಡಿದರೆ ಸಾಲದು, ಬೆರಳು ಹಾಕಿ ಮುಟ್ಟಿ ನೋಡುತ್ತೇನೆ. ಕೈಪಿಡಿ ಹೇಳಿದ ಭಾರದ ಸ್ಪ್ರಿಂಗೊಂದನ್ನೇ, ಅದು ಹೇಳಿದ ಮಿತಿಯೊಳಗೇ, ಸ್ವಲ್ಪ ಸ್ವಲ್ಪ ತಿರುಗಿಸುವುದು. ಎಲ್ಲ ಜೋಡಿಸಿದ ಮೇಲೆ ಖಾಲಿ ಕೋವಿಯಲ್ಲಿ ಬೋಲ್ಟನ್ನು ಹತ್ತಾರು ಸಲ ಜೋರಾಗಿ ಹಾಕುತ್ತೇನೆ. ನಳಿಗೆಯನ್ನು ಮುಖದಿಂದ ದೂರ ಇಟ್ಟು, ದಪ್ಪ ರಬ್ಬರ್ ಹಾಸಿನ ಮೇಲೆ ಹಿಂಬದಿಯನ್ನು ಕುಟ್ಟುತ್ತೇನೆ. ಸೇಫ್ಟಿ ಹಾಕಿ ಟ್ರಿಗರ್ ಎಳೆದು, ಬೆರಳು ತೆಗೆದು, ಆಮೇಲೆ ಸೇಫ್ಟಿ ಬಿಡಿಸುತ್ತೇನೆ. ಇವುಗಳಲ್ಲಿ ಒಂದು ಸಲವಾದರೂ, ತೋಟೆಗೆ ಬಡಿದು ಅದನ್ನು ಸಿಡಿಸುವ ಪಿನ್ ತಾನಾಗಿ ಬಿದ್ದರೆ ಆ ಕೋವಿ ಅವತ್ತಿಗೆ ಕಾಡಿಗಿಲ್ಲ. ಅಲಗಿನ ಜಾತಿಯಲ್ಲಿ ಒಂದು ಮೋಸವಿದೆ: ಕುಟ್ಟಿದಾಗ ಪಿನ್ ಬೀಳದಿದ್ದ ಮಾತ್ರಕ್ಕೆ ಪಾಸಾಯಿತು ಎಂದುಕೊಳ್ಳಬಾರದು. ಪಿನ್ನನ್ನು ಹಿಡಿದಿಡುವ ಸಿಯರ್ ಜಾರಿ, ಅಲಗು ಅದನ್ನು ಕೊನೆಗಳಿಗೆಯಲ್ಲಿ ಹಿಡಿದುಕೊಂಡಿರಬಹುದು. ಹಾಗಾಗಿದ್ದರೆ ಟ್ರಿಗರ್ ಸತ್ತಂತಿರುತ್ತದೆ, ಎಳೆದರೂ ಈಡಾಗುವುದಿಲ್ಲ. ಪ್ರತಿ ಕುಟ್ಟಿನ ನಂತರ ಟ್ರಿಗರ್ ಜೀವಂತವಾಗಿದೆಯೇ ಎಂದು ಎಳೆದು ನೋಡಲೇಬೇಕು. ನನ್ನ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸಿಯರ್ ಎಷ್ಟು ಕಚ್ಚಿಕೊಳ್ಳಬೇಕು ಎಂದು ನಿರ್ಧರಿಸುವ ತಿರುಪು ಕೆಲವು ಟ್ರಿಗರುಗಳಲ್ಲಿ ಹೊರಗೇ ಕಾಣುತ್ತದೆ. ಅದಕ್ಕೆ ನಾನು ಕೈ ಹಾಕುವುದಿಲ್ಲ. ಪರಿಚಯದವರೊಬ್ಬರು ಎರಡನೇ ಕೈಯಲ್ಲಿ ಕೊಂಡ ರೈಫಲನ್ನು ಹೀಗೆಯೇ ಕುಟ್ಟಿ ನೋಡಿದಾಗ ಮೂರನೇ ಪೆಟ್ಟಿಗೆ ಪಿನ್ ಬಿತ್ತು. ಹಳೆಯ ಮಾಲೀಕ ತೆವಳಿಕೆ ಹೋಗಲೆಂದು ಆ ತಿರುಪನ್ನು ತಿರುಗಿಸಿದ್ದನಂತೆ. ಕೋವಿ ರಿಪೇರಿಯವರು ನೋಡಿ, ಆ ಟ್ರಿಗರನ್ನೇ ಬದಲಿಸಿದರು.

ತಿರುಪು ಅಲುಗದಿರಲಿ ಎಂದು ಅಂಟು ಹಾಕುವವರಿಗೂ ಒಂದು ಮಾತು. 2014ರ ಏಪ್ರಿಲಿನಲ್ಲಿ ರೆಮಿಂಗ್ಟನ್ ಕಂಪನಿ, 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ, ‘ಎಕ್ಸ್-ಮಾರ್ಕ್ ಪ್ರೊ’ ಟ್ರಿಗರಿನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲುಗಳನ್ನು ವಾಪಸು ಕರೆಸಿಕೊಂಡಿತು. ಜೋಡಿಸುವಾಗ ಬಳಸಿದ ಅಂಟು ಕೆಲವು ಟ್ರಿಗರುಗಳಲ್ಲಿ ಹೆಚ್ಚಾಗಿ, ಕೋವಿ ತಾನಾಗಿ ಈಡಾಗುವ ಸಾಧ್ಯತೆ ಕಂಡದ್ದೇ ಕಾರಣ. ಕಾರ್ಖಾನೆಯಲ್ಲೇ ಹೀಗಾದರೆ ಅಡುಗೆಮನೆಯ ಮೇಜಿನ ಮೇಲೆ ಸುರಿದ ಒಂದು ಹನಿ ಒಳಗೆ ಎಲ್ಲಿಗೆ ಹರಿಯುತ್ತದೋ!

ದೂರು ಇಲ್ಲವೆಂದಲ್ಲ. ಅಲಗಿನ ಅಂಚು ಚೂಪು. ಅರವತ್ತು ಗುಂಡು ಹೊಡೆದ ದಿನ ಬೆರಳ ತುದಿ ಕೆಂಪಾಗುತ್ತದೆ. ದಪ್ಪ ಕೈಗವಸಿನಲ್ಲಿ ಬೆರಳು ಪಕ್ಕಕ್ಕೆ ಬಿದ್ದು ಅಲಗು ಪೂರ್ತಿ ಒತ್ತದಿದ್ದರೆ ಸಿಯರ್ ಅಲಗಿಗೆ ಸಿಕ್ಕಿಕೊಳ್ಳುತ್ತದೆ, ಬೋಲ್ಟ್ ಎತ್ತಿ ಮತ್ತೆ ಹಾಕಬೇಕು. ಐದನೇ ಹಂಗಾಮಿನಲ್ಲಿ ಹೀಗೇ ಆಯಿತು. ಹಂದಿ ಬೋಲ್ಟಿನ ಸದ್ದು ಕೇಳಿ ನನ್ನ ಕಡೆ ಒಮ್ಮೆ ತಿರುಗಿ ನೋಡಿ ಹೋಯಿತು. ಅವತ್ತಿನಿಂದ ಬಲಗೈಯ ಕೈಗವಸಿನ ತೋರುಬೆರಳನ್ನು ಕತ್ತರಿಸಿ ಹಾಕಿಕೊಳ್ಳುತ್ತೇನೆ.

ಬರುವ ಹಂಗಾಮಿಗೆ ಅಕ್ಕನ ಮಗ ಮೊದಲ ಸಲ ಜೊತೆಗೆ ಬರುತ್ತಾನೆ, ಇದೇ ರೈಫಲಿನಲ್ಲಿ. ಅವನಿಗಾಗಿ ಎಳೆತವನ್ನು 1.8ಕ್ಕೆ ಏರಿಸಿ, ಕುಟ್ಟಿ, ಅಳೆದು ಬರೆದಿಟ್ಟಿದ್ದೇನೆ. ಭಾರ ಜಾಸ್ತಿಯಾಯಿತು ಮಾಮ ಅಂತ ಈಗಲೇ ಗೊಣಗುತ್ತಿದ್ದಾನೆ.