ಸೈಕಲ್ ಎಂಜಿನ್‌ಗೆ ಮೊದಲು ಯಾವುದು: ಹೆಡ್ಡೋ, ಸೈಲೆನ್ಸರೋ?

‘80 ಸಿಸಿ’ ಎಂದು ಮಾರುವ ಟೂ-ಸ್ಟ್ರೋಕ್ ಸೈಕಲ್ ಎಂಜಿನ್ ಕಿಟ್‌ನಲ್ಲಿ ಬೋರ್ (ಸಿಲಿಂಡರಿನ ವ್ಯಾಸ) 47, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 38 ಮಿ.ಮೀ. ಇದ್ದರೆ ಅದು ನಿಜಕ್ಕೂ 66 ಸಿಸಿ ಅಷ್ಟೇ! ಹಾಗಾದರೆ ಅದರ ಬಲ ಹೆಚ್ಚಿಸಲು ಮೊದಲು ಯಾವ ಭಾಗ ಬದಲಿಸಬೇಕು?

ಏರಿನಲ್ಲಿ ಏದುಸಿರು ಬಿಡುತ್ತಿದ್ದರೆ ಹೈ-ಕಂಪ್ರೆಷನ್ ಹೆಡ್ (ಮಿಶ್ರಣವನ್ನು ಹೆಚ್ಚು ಒತ್ತುವ ಸಿಲಿಂಡರ್ ಮುಚ್ಚಳ) ಹಾಕಿ. ಕಡಿಮೆ ಆರ್‌ಪಿಎಂನಲ್ಲೇ ಎಳೆತ ಸಿಗುತ್ತದೆ, ಸದ್ದೂ ಹೆಚ್ಚುವುದಿಲ್ಲ. ಒಂದಕ್ಕೇ ದುಡ್ಡಿದ್ದರೆ ನಮ್ಮ ಮತ ಇದಕ್ಕೇ. ಕೂರಿಸಿದ ಮೇಲೆ ಸ್ಪಾರ್ಕ್ ಪ್ಲಗ್ ತೂತಿನಿಂದ ಸೋಲ್ಡರ್ ತಂತಿಯನ್ನು ಸಿಲಿಂಡರ್ ಗೋಡೆಗೆ ತಾಗುವವರೆಗೆ ತೂರಿಸಿ, ಎಂಜಿನ್ ಅನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಜಜ್ಜಿದ ತುದಿಯ ದಪ್ಪ, ಅಂದರೆ ಪಿಸ್ಟನ್-ಹೆಡ್ ನಡುವಿನ ಸಂದು, 0.8 ಮಿ.ಮೀ. ಆಸುಪಾಸು ಇರಲಿ. ತೀರಾ ತೆಳುವಾಗಿದ್ದರೆ ಓಟದಲ್ಲಿ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ.

ಸಮತಟ್ಟು ರಸ್ತೆಯ ವೇಗಕ್ಕೆ ಎಕ್ಸ್‌ಪಾನ್ಷನ್ ಚೇಂಬರ್ ಸೈಲೆನ್ಸರ್ (ನಡುವೆ ಉಬ್ಬಿದ ಹೊಗೆ ಕೊಳವೆ). ಹೊರಬಿದ್ದ, ಇನ್ನೂ ಉರಿಯದ ಪೆಟ್ರೋಲ್-ಗಾಳಿ ಮಿಶ್ರಣವನ್ನು ಅದರಿಂದ ಮರಳಿದ ಒತ್ತಡದ ಅಲೆ ಸಿಲಿಂಡರಿಗೇ ತಳ್ಳುತ್ತದೆ, ಅದೂ ಕಿರಿದಾದ ಆರ್‌ಪಿಎಂ ವ್ಯಾಪ್ತಿಯಲ್ಲಿ ಮಾತ್ರ. ಕಾರ್ಬುರೇಟರಿನಲ್ಲಿ ಹಳೆಯ ಜೆಟ್ಟೇ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) ಇದ್ದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಜಾಮ್ ಆಗಬಹುದು. ಪ್ಲಗ್ ಬಿಳುಚಿದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿ.